ಮನೆ ಇದ್ದವರ ಆಶ್ರಯ ಕೇಂದ್ರ

ಬೆಳಿಗ್ಗೆ ಏಳು ಗಂಟೆಗೆ ಫೋನು ಬಂತು. ಹನ್ನೊಂದಕ್ಕೆ ತಪಾಸಣೆ.

ಫೋನು ತೆಗೆದುಕೊಂಡವನು ಗಂಗಹನುಮಯ್ಯ. ತುಮಕೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ವಸತಿರಹಿತರಿಗಾಗಿ ಒಂದು ಆಶ್ರಯ ಕೇಂದ್ರವಿದೆ, ಅದರ ವ್ಯವಸ್ಥಾಪಕ. ಕೇಂದ್ರ ನಡೆಯುವುದು ಸರ್ಕಾರದ ಅನುದಾನದಲ್ಲಿ. ಅದರ ಅವಧಿ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ ಎಂದು ಬೆಂಗಳೂರಿನಿಂದ ಅಧಿಕಾರಿಯೊಬ್ಬರು ಬಂದು ನೋಡಿ ಬರೆಯಬೇಕು. ಬೇಕು ಎಂದು ಬರೆದರೆ ಮಂಚಗಳು ಉಳಿಯುತ್ತವೆ. ಬೇಡ ಎಂದರೆ ಬಾಗಿಲಿಗೆ ಬೀಗ.

ಗಂಗಹನುಮಯ್ಯ ಕೆಲಸಕ್ಕೆ ಎಲ್ಲರಿಗಿಂತ ಮೊದಲು ಬರುವವನು, ಎಲ್ಲರಿಗಿಂತ ಕೊನೆಗೆ ಹೋಗುವವನು ಎಂದು ಬೀದಿಯಲ್ಲಿ ಹೆಸರಿತ್ತು. ಆ ದಿನವೂ ಫೋನು ಬರುವ ಹೊತ್ತಿಗೆ ಆಗಲೇ ಅಂಗಳ ಗುಡಿಸಿ, ತಲೆ ಬಾಚಿಕೊಂಡು ನಿಂತಿದ್ದ. ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದವರನ್ನೆಲ್ಲ ಕರೆದು, ಇವತ್ತು ಯಾರೂ ಹೊರಗೆ ಹೋಗಕೂಡದು, ಒಂದು ದಿನದ ಕೂಲಿ ಹೋದರೆ ಹೋಗಲಿ ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ಮಾತು ಸೇರಿಸಿದ.

"ಬರ್ತಾ ಇರೋರು ದೊಡ್ಡೋರು. ಎಲ್ರೂ ಮರ್ಯಾದೆಯಿಂದ ನಡ್ಕೊಳಿ."

ಆ ದಿನದ ಕಷ್ಟಕ್ಕೆಲ್ಲ ಮೂಲ ಈ ಮಾತು.

ಕೇಂದ್ರದ ಹಿರಿಯಳು ಸಿದ್ದಲಕ್ಷ್ಮಮ್ಮ. ಕುಣಿಗಲ್ಲಿನ ಮನೆಗಳಲ್ಲಿ ಪಾತ್ರೆ ತಿಕ್ಕಿ, ಕೈಲಾಗದೇ ಹೋದ ಮೇಲೆ ಇಲ್ಲಿಗೆ ಬಂದವಳು. ಅವಳು ಎರಡು ಸಲ ತಲೆಯಾಡಿಸಿ, ನೇರ ಪಕ್ಕದ ಹೋಟೆಲಿನ ಭದ್ರಮ್ಮನ ಹತ್ತಿರ ಹೋದಳು. ಭದ್ರಮ್ಮ ಈ ಕೇಂದ್ರದಿಂದ ತನ್ನ ವ್ಯಾಪಾರ ಕೆಟ್ಟಿತು ಎಂದು ಎಲ್ಲರ ಮುಂದೆ ಹೇಳುವವಳು. ರಾತ್ರಿ ಉಳಿದ ಇಡ್ಲಿಯನ್ನು ಅದೇ ಕೇಂದ್ರದ ಕಿಟಕಿಯಲ್ಲಿ ಇಟ್ಟು ಹೋಗುವವಳೂ ಅವಳೇ. ಬೆಂಗಳೂರಿನಿಂದ ಅಧಿಕಾರಿ ಬರುತ್ತಾರೆಂದು ಕೇಳಿದ್ದೇ ತಡ, ಒಲೆ ಸಣ್ಣ ಮಾಡಿ ಎದ್ದಳು.

"ಈ ಅವತಾರದಲ್ಲಿ ನಿಂತ್ಕೊಂಡ್ರೆ ಬೀದಿ ಮಾನ ಏನಾಗ್ಬೇಕು ಗಂಗಣ್ಣ? ನೀನ್ ಸುಮ್ನಿರು, ನಾನ್ ನೋಡ್ಕೋತೀನಿ."

ಹಾಗೆ ಹೇಳಿ ತನ್ನ ಒಂದು ಒಳ್ಳೆ ಸೀರೆಯನ್ನು ಸಿದ್ದಲಕ್ಷ್ಮಮ್ಮನಿಗೆ ಉಡಿಸಿದಳು. ಗಂಡಸರ ಪಾಲಿಗೆ ಮೂಲೆಯ ಇಸ್ತ್ರಿ ಗಾಡಿಯ ಮಹಾದೇವಯ್ಯನನ್ನು ಕರೆತಂದಳು. ಅವನ ಗಾಡಿಯಲ್ಲಿ ಗಿರಾಕಿಗಳ ಬಟ್ಟೆಗಳು ಸಂಜೆಯ ಬಟವಾಡೆಗೆ ಕಾಯುತ್ತಿದ್ದವು. ಐದಕ್ಕೆ ಮುಂಚೆ ವಾಪಸು, ಬೆವರಿನ ಕಲೆ ಆಗಕೂಡದು, ಎಂಬ ಎರಡು ಷರತ್ತಿನ ಮೇಲೆ ಅವನು ಒಪ್ಪಿದ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಅಣ್ಣಯ್ಯಪ್ಪನಿಗೆ ಯಾವನೋ ವಕೀಲನ ಬಿಳಿ ಶರ್ಟು ಬಂತು. ಕಲ್ಯಾಣ ಮಂಟಪಗಳಲ್ಲಿ ಎಲೆ ಎತ್ತುವ ದೊಡ್ಡರಂಗಯ್ಯನಿಗೆ ನಿವೃತ್ತ ಅಧಿಕಾರಿಯೊಬ್ಬರ ಸಫಾರಿ ಸೂಟು. ಉಳಿದವರಿಗೂ ಅಳತೆಗೆ ತಕ್ಕಂತೆ ಒಂದೊಂದು.

ಗಂಗಹನುಮಯ್ಯ ಬೇಡವೆಂದ. ಯಾರೂ ಕೇಳಲಿಲ್ಲ. ನೀನೇ ಮರ್ಯಾದೆ ಅಂದೆಯಲ್ಲ ಎಂದರು.

ಹನ್ನೊಂದಾಯಿತು, ಅಧಿಕಾರಿ ಬರಲಿಲ್ಲ. ಹನ್ನೆರಡಾಯಿತು. ಕೂತರೆ ಇಸ್ತ್ರಿ ಮುರಿಯುತ್ತದೆಂದು ಮಹಾದೇವಯ್ಯ ಯಾರನ್ನೂ ಕೂರಲು ಬಿಡಲಿಲ್ಲ. ಹಿಂದೆ ಸಾಲಾಗಿ ಮಂಚಗಳು, ಮುಂದೆ ನಿಂತ ಜನ, ನಡುವೆ ಕಾವಲಿಗೆ ಮಹಾದೇವಯ್ಯ. ಅಣ್ಣಯ್ಯಪ್ಪ ದಿನವಿಡೀ ಮೂಟೆ ಹೊರುವವನು. ಆದರೂ ಇಷ್ಟು ಸೋತದ್ದು ನೆನಪಿಲ್ಲ ಎಂದ. ಊಟದ ಹೊತ್ತಿಗೆ ಭದ್ರಮ್ಮ ಚಿತ್ರಾನ್ನ ಮಾಡಿ ತಂದಳು. ಅರಿಶಿನ ಮೆತ್ತುತ್ತದೆಂದು ಮಹಾದೇವಯ್ಯ ಅದನ್ನೂ ತಡೆದ. ಕೊನೆಗೆ ಅವಳೇ ಒಬ್ಬೊಬ್ಬರ ಬಾಯಿಗೂ ಚಮಚದಲ್ಲಿ ಹಾಕಿದಳು. ಸಾಲಾಗಿ ನಿಂತು ಬಾಯಿ ತೆರೆದ ಅವರು ಗೂಡಿನಲ್ಲಿ ಕುತ್ತಿಗೆ ಚಾಚಿದ ಮರಿಗಳ ಹಾಗೆ ಕಂಡರು.

ಮೂರು ಗಂಟೆಗೆ ಜೀಪು ಬಂತು.

ಇಳಿದವರ ಹೆಸರು ಶಶಿರೇಖಾ. ನಡುವಯಸ್ಸು, ಮೆಲುದನಿ, ಬೆಳಿಗ್ಗೆಯಿಂದ ಓಡಾಡಿ ಬಳಲಿದ ಮುಖ. ಒಳಗೆ ಕಾಲಿಟ್ಟವರು ಬಾಗಿಲಲ್ಲೇ ನಿಂತರು. ಹೂ ಮುಡಿದ ಸಿದ್ದಲಕ್ಷ್ಮಮ್ಮ, ಗಂಜಿ ಹಾಕಿದ ಶರ್ಟುಗಳು, ಸಫಾರಿ. ಛತ್ರದ ಬಾಗಿಲಲ್ಲಿ ಎದುರುಗೊಳ್ಳಲು ನಿಂತ ಬೀಗರ ಕಡೆಯವರ ಹಾಗಿತ್ತು ಸಾಲು.

"ಇಲ್ಲಿ ಉಳ್ಕೊಂಡಿರೋರು ಎಲ್ಲಿ?" ಎಂದು ಕೇಳಿದರು.

ಇವರೇ ಎಂದ ಗಂಗಹನುಮಯ್ಯ.

ಶಶಿರೇಖಾ ಒಂದು ಕುರ್ಚಿ ಎಳೆದುಕೊಂಡು ಕೂತು, ಅಣ್ಣಯ್ಯಪ್ಪನಿಂದ ಶುರು ಮಾಡಿದರು. ಕೇಳಿದ್ದು ಒಂದೇ: ಯಾವ ಊರು, ಸ್ವಂತ ಮನೆ ಇದೆಯೇ. ಹೌದು ಅಥವಾ ಇಲ್ಲ ಎಂದರೆ ಸಾಕು.

ಅಣ್ಣಯ್ಯಪ್ಪ ಸುತ್ತ ನೋಡಿದ. ಬಾಗಿಲಲ್ಲಿ ಭದ್ರಮ್ಮ, ಅವಳ ಹಿಂದೆ ಮಹಾದೇವಯ್ಯ, ಕಿಟಕಿಯಲ್ಲಿ ಬೀದಿಯ ಇನ್ನಷ್ಟು ಮುಖಗಳು. ಊರಲ್ಲಿ ಮನೆ ಮಠ ಇಲ್ಲದವನು ಎನ್ನುವುದು ಬೈಗುಳ. ಅದನ್ನು ಇಷ್ಟು ಜನರೆದುರು, ವಕೀಲನ ಶರ್ಟು ತೊಟ್ಟು, ತನಗೆ ತಾನೇ ಬೈದುಕೊಳ್ಳುವುದು ಅವನಿಂದ ಆಗಲಿಲ್ಲ.

"ಹುಲಿಯೂರುದುರ್ಗ ಮೇಡಂ. ಮನೆ ಐತೆ. ಮನೆ ಹಿಂದ್ಗಡೆ ತೆಂಗಿನ ತೋಟನೂ ಐತೆ."

ತೋಟ ಎಂದು ಕೇಳಿದ ದೊಡ್ಡರಂಗಯ್ಯನ ಕತ್ತು ಸಫಾರಿಯ ಕಾಲರಿನಿಂದ ಮೇಲೆದ್ದಿತು. ಅಮೃತೂರಿನಲ್ಲಿ ತನ್ನವು ಎರಡು ಮನೆ, ಒಂದನ್ನು ಬಾಡಿಗೆಗೆ ಕೊಟ್ಟಿದ್ದೇನೆ ಎಂದ. ಅಷ್ಟಕ್ಕೇ ಬಾಯಿ ಮುಚ್ಚದೆ, ಈಗಿನ ಕಾಲದಲ್ಲಿ ಬಾಡಿಗೆದಾರರನ್ನು ಸುಧಾರಿಸುವುದು ಬಲು ಕಷ್ಟ ಮೇಡಂ ಎಂದೂ ಸೇರಿಸಿದ. ಅವನ ನಂತರದವನಿಗೆ ಮಹಡಿ ಮನೆಯಿತ್ತು. ಅವನ ನಂತರದವನಿಗೆ ಮಹಡಿಯ ಮೇಲೆ ಮತ್ತೊಂದು ಮಹಡಿ ಏಳುತ್ತಿತ್ತು. ಗಂಗಹನುಮಯ್ಯ ಅಧಿಕಾರಿಯ ಬೆನ್ನ ಹಿಂದೆ ನಿಂತು ಕೈ ಬೀಸಿದ, ಹಣೆ ಚಚ್ಚಿಕೊಂಡ. ಸಾಲಿನವರು ಅದನ್ನು ಇನ್ನೂ ಜೋರಾಗಿ ಹೇಳಿ ಎಂಬ ಸೂಚನೆ ಅಂದುಕೊಂಡರು.

ಸಿದ್ದಲಕ್ಷ್ಮಮ್ಮ ಕೊನೆಯವಳು. ಅವಳು ತನ್ನ ಮನೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳಿದಳು. ಕುಣಿಗಲ್ ಕೆರೆಯ ಕಡೆಯಿಂದ ಗಾಳಿ ಬರುವ ಪಡಸಾಲೆ, ಹಸಿರು ಬಣ್ಣದ ಬಾಗಿಲು, ಹಿತ್ತಿಲಲ್ಲಿ ಕರಿಬೇವಿನ ಗಿಡ, ಪಾತ್ರೆ ತೊಳೆಯಲು ಕಲ್ಲು ಹಾಸಿದ ಕಟ್ಟೆ. ಒಂದೂ ಸುಳ್ಳಲ್ಲ. ಆ ಕಟ್ಟೆಯ ಮೇಲೆ ಅವಳು ಬಹಳ ವರ್ಷ ಕೂತಿದ್ದಳು. ಮನೆ ಮಾತ್ರ ಬೇರೆಯವರದು.

"ಹಬ್ಬಕ್ಕೆ ಬನ್ನಿ ತಾಯಿ," ಎಂದು ಕರೆದೂ ಬಿಟ್ಟಳು.

ಶಶಿರೇಖಾ ಕೊನೆಯ ಆಸೆಯಿಂದ ನೆರೆಯವರ ಕಡೆ ತಿರುಗಿದರು. ಭದ್ರಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದು, ಎಲ್ಲರೂ ಒಳ್ಳೆ ಮನೆತನದವರು, ಬೀದಿಗೆ ಬಿದ್ದವರು ಇಲ್ಲಿ ಒಬ್ಬರೂ ಇಲ್ಲ ಎಂದು ಸಾಕ್ಷಿ ನುಡಿದಳು. ಅಷ್ಟರ ಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಶಶಿರೇಖಾ ಎದ್ದು ಕಚೇರಿಯ ಕೋಣೆಗೆ ನಡೆದರು. ಗಂಗಹನುಮಯ್ಯ ಹಿಂದೆಯೇ ಹೋಗಿ ಬಾಗಿಲು ಮುಚ್ಚಿದ.

ಅವರೆಲ್ಲ ಸುಳ್ಳು ಹೇಳುತ್ತಿದ್ದಾರೆ, ಒಬ್ಬರಿಗೂ ಮನೆಯಿಲ್ಲ, ಬಟ್ಟೆಯೂ ಅವರದಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಶಶಿರೇಖಾ ಅವನನ್ನೇ ನೋಡಿದರು.

"ಮನೆ ಇಲ್ಲ ಅಂತ ಸುಳ್ಳು ಹೇಳೋರ್ನ ಬೇಕಾದಷ್ಟು ನೋಡಿದೀನಿ. ಇದೆ ಅಂತ ಯಾರ್ರೀ ಸುಳ್ಳು ಹೇಳ್ತಾರೆ?"

ಅವರು ಕೋಪದಲ್ಲೇನೂ ಇರಲಿಲ್ಲ. ಮುಚ್ಚುವುದು ತನಗೂ ಇಷ್ಟವಿಲ್ಲ ಎಂದರು. ನಿಯಮ ಸರಳವಾಗಿತ್ತು: ಮನೆ ಇದ್ದವರಿಗಾಗಿ ಈ ಅನುದಾನ ಇಲ್ಲ. ಆದರೆ ಒಬ್ಬರು, ಒಬ್ಬರೇ ಒಬ್ಬರು, ನನಗೆ ಮನೆ ಇಲ್ಲ ಎಂದು ತನ್ನೆದುರು ಬಾಯಿಬಿಟ್ಟು ಹೇಳಿದರೂ ಸಾಕು, ಇನ್ನೊಂದು ವರ್ಷಕ್ಕೆ ಶಿಫಾರಸು ಮಾಡುವುದು ತನ್ನ ಕೈಯಲ್ಲಿದೆ ಎಂದರು.

ಹೇಳುತ್ತ ಹೇಳುತ್ತ ಅವರ ಕಣ್ಣು ಬೀರುವಿನ ಹಿಂದೆ ಹೋಯಿತು. ಅಲ್ಲಿ ಸುತ್ತಿಟ್ಟ ಚಾಪೆ, ಮಡಿಸಿದ ಹೊದಿಕೆ, ಕಿಟಕಿಯ ಕಟ್ಟೆಯಲ್ಲಿ ಹಲ್ಲುಜ್ಜುವ ಬ್ರಷ್ಷು ಮತ್ತು ಅಂಗೈಯಗಲದ ಕನ್ನಡಿ.

"ಇಲ್ಲಿ ಯಾರು ಮಲಗ್ತಾರೆ? ನೀವಾ?"

ಗಂಗಹನುಮಯ್ಯನೇ ಮಲಗುತ್ತಿದ್ದ. ಕಳೆದ ವರ್ಷ ಅನುದಾನದ ಕಂತು ತಡವಾಗಿ, ಅವನ ಸಂಬಳ ನಿಂತು, ಗುಬ್ಬಿಯಲ್ಲಿದ್ದ ಬಾಡಿಗೆ ಮನೆ ಬಿಡಬೇಕಾಗಿತ್ತು. ಹೆಂಡತಿ ಮತ್ತು ಮಗಳು ಇಂಪನಾ ಭಾವಮೈದುನನ ಮನೆಯಲ್ಲಿದ್ದರು. ಅವನು ದಿನಾ ಸಂಜೆ ಬ್ಯಾಗು ಹಾಕಿಕೊಂಡು ಗುಬ್ಬಿ ಬಸ್ಸಿಗೆ ಎಂದು ಎಲ್ಲರಿಗೂ ಹೇಳಿ ಹೊರಡುತ್ತಿದ್ದ. ಊರೊಳಗೆ ಒಂದು ಸುತ್ತು ಹಾಕಿ, ದೀಪ ಆರಿದ ಮೇಲೆ ವಾಪಸು ಬರುತ್ತಿದ್ದ. ಒಳಗೆ ಮಲಗಿದ್ದವರಿಗೆ ಬಾಗಿಲ ಸದ್ದು ಕೇಳುತ್ತಿತ್ತು. ಒಬ್ಬರೂ ಒಂದು ದಿನವೂ ಅದರ ಮಾತೆತ್ತಿರಲಿಲ್ಲ.

ಈಗ ಅವನು ಹೂಂ ಎಂದರೆ ಸಾಕಿತ್ತು. ಆ ಒಬ್ಬ ತಾನೇ ಆಗಬಹುದಿತ್ತು. ಬಾಗಿಲ ಆಚೆ ಗಂಜಿ ಹಾಕಿದ ಬಟ್ಟೆಗಳ ಸರಸರ ಕೇಳುತ್ತಿತ್ತು. ಎಲ್ಲರೂ ಕಿವಿಗೊಟ್ಟು ನಿಂತಿದ್ದರು.

"ಇಲ್ಲ ಮೇಡಂ," ಎಂದ ಗಂಗಹನುಮಯ್ಯ. "ನಮ್ದು ಗುಬ್ಬೀಲಿ ಸ್ವಂತ ಮನೆ."

ಶಶಿರೇಖಾ ಪೆನ್ನು ಮುಚ್ಚಿ, ತಾನು ರಾತ್ರಿಗೆ ತಿಪಟೂರು ಸೇರಬೇಕು, ಗುಬ್ಬಿ ದಾರಿಯಲ್ಲೇ ಸಿಗುತ್ತದೆ, ಬನ್ನಿ ಮನೆಗೆ ಬಿಡುತ್ತೇನೆ ಎಂದರು. ಅವನು ಬೇಡವೆಂದ, ಕೆಲಸವಿದೆ ಎಂದ, ಬಸ್ಸಿದೆ ಎಂದ. ಭದ್ರಮ್ಮ ಬಿಡಲಿಲ್ಲ.

"ಹೋಗು ಗಂಗಣ್ಣ. ಒಂದಿನನಾದ್ರೂ ಹೊತ್ತಿದ್ದಂಗೆ ಮನೆ ಸೇರ್ಕೋ," ಎಂದು ಬ್ಯಾಗು ತಂದು ಹೆಗಲಿಗೇ ಹಾಕಿದಳು. ಅಣ್ಣಯ್ಯಪ್ಪ ಅವನ ಮುಖ ನೋಡಲಿಲ್ಲ. ಮಹಾದೇವಯ್ಯ ಆಗಲೇ ಶರ್ಟುಗಳನ್ನು ಬಿಚ್ಚಿಸುತ್ತಿದ್ದ.

ಜೀಪು ಗುಬ್ಬಿ ಸೇರುವವರೆಗೆ ಗಂಗಹನುಮಯ್ಯ ರಸ್ತೆಯನ್ನೇ ನೋಡುತ್ತ ಕೂತ. ಎಲ್ಲಾದರೂ ಇಳಿದುಬಿಡೋಣವೆಂದರೆ ಡ್ರೈವರು, ಎಡಕ್ಕಾ ಬಲಕ್ಕಾ ಸಾರ್ ಎಂದು ಕೇಳುತ್ತಲೇ ಇದ್ದ. ಅವನ ಬಾಯಿಗೆ ಬಂದ ದಾರಿ ಒಂದೇ, ಹಳೆಯ ಬಾಡಿಗೆ ಮನೆಯದು. ಜೀಪು ಅದರ ಮುಂದೆ ನಿಂತಿತು. ಗೇಟಿನ ಮೇಲೆ ಇಂಪನಾ ಅಂಟಿಸಿದ್ದ ಚಿಟ್ಟೆಯ ಚಿತ್ರ ಅರ್ಧ ಉಳಿದಿತ್ತು. ಅಂಗಳದ ತಂತಿಯಲ್ಲಿ ಯಾರದೋ ಬಟ್ಟೆ ಒಣಗುತ್ತಿತ್ತು.

ಜೀಪಿನಿಂದ ಇಳಿದು ಕೈ ಮುಗಿದರೆ ಮುಗಿಯುತ್ತಿತ್ತು. ಆದರೆ ಮನೆ ಬಾಗಿಲ ತನಕ ಬಂದವರನ್ನು ಒಳಗೆ ಕರೆಯದೆ ಕಳಿಸಿ ಅವನಿಗೆ ಅಭ್ಯಾಸವಿರಲಿಲ್ಲ. ಮಾತು ತಾನಾಗಿ ಹೊರಬಿತ್ತು.

"ಒಳಗ್ ಬನ್ನಿ ಮೇಡಂ. ಒಂದ್ ಲೋಟ ಕಾಫಿ ಕುಡ್ಕೊಂಡ್ ಹೋಗೋರಂತೆ."

ಇಂಥ ಮಾತಿಗೆ ಬೇಡ, ಹೊತ್ತಾಯಿತು ಎನ್ನುವುದು ರೂಢಿ. ಶಶಿರೇಖಾ ಮಧ್ಯಾಹ್ನ ಊಟ ಮಾಡಿರಲಿಲ್ಲ. ಆಯ್ತು ನಡೀರಿ ಎಂದು ಇಳಿದೇಬಿಟ್ಟರು.

ಬಾಗಿಲು ತೆರೆದವಳು ಗಂಗಲಕ್ಷ್ಮಮ್ಮ ಎಂಬ ಮುದುಕಿ. ಅವಳು ಗಂಗಹನುಮಯ್ಯನನ್ನು ಹಿಂದೆಂದೂ ನೋಡಿರಲಿಲ್ಲ. ಸರ್ಕಾರದ ಜೀಪು, ಅದರಿಂದ ಇಳಿದ ಹೆಣ್ಣು ಅಧಿಕಾರಿ, ಜೊತೆಗೆ ಬ್ಯಾಗು ಹಾಕಿದ ಗಂಡಸು. ತಿಂಗಳುಗಳಿಂದ ಬಾರದ ತನ್ನ ಪಿಂಚಣಿಯ ವಿಚಾರಣೆಗೇ ಬಂದಿದ್ದಾರೆ ಎಂದುಕೊಂಡಳು. ಬನ್ನಿ ಬನ್ನಿ ಎಂದು ಚಾಪೆ ಹಾಸಿದಳು. ಗಂಗಹನುಮಯ್ಯ ಹೊಸಿಲ ಬಳಿ ನಿಂತೇ ಇದ್ದ.

"ಯಾಕ್ ನಿಂತ್ಕೊಂಡೆ ಮಗ? ಕೂತ್ಕೊ ಬಾ. ಎಷ್ಟ್ ಸೊರಗಿದೀಯ ನೋಡು, ಹೊತ್ತಿಗ್ ಸರ್ಯಾಗಿ ಉಣ್ಣಲ್ವೇನೋ," ಎಂದಳು. ಅವಳು ಬಾಗಿಲಿಗೆ ಬಂದ ಹಾಲಿನವನಿಗೂ ಹಾಗೇ ಹೇಳುವವಳು.

"ಅಮ್ಮಂದಿರೆಲ್ಲ ಹೀಗೇ," ಎಂದರು ಶಶಿರೇಖಾ, ಆ ದಿನ ಮೊದಲ ಸಲ ನಗುತ್ತ.

ಕಾಫಿ ಬಂತು. ಜೊತೆಗೆ ಕೋಡುಬಳೆ ಬಂತು. ಶಶಿರೇಖಾ ಎರಡು ತಿಂದು, ಮನೆ ಚೊಕ್ಕವಾಗಿದೆ ಎಂದು ಹೊಗಳಿ, ಮುದುಕಿಗೆ ನಮಸ್ಕಾರ ಮಾಡಿ ಹೊರಟರು. ಗೇಟಿನ ಹತ್ತಿರ ಗಂಗಹನುಮಯ್ಯನಿಗೆ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳಿ ಎಂದರು. ಅವನು ತಲೆಯಾಡಿಸಿದ. ಜೀಪು ತಿಪಟೂರಿನ ಕಡೆ ಹೋಯಿತು.

ಬ್ಯಾಗು ಒಳಗೇ ಉಳಿದಿತ್ತು. ತರಲು ಹೋದ. ಗಂಗಲಕ್ಷ್ಮಮ್ಮ ಲೋಟಗಳನ್ನು ಎತ್ತುತ್ತಿದ್ದಳು.

"ಪಿಂಚಣಿ ಬತ್ತದೇನಪ್ಪ?"

ಅವನು ಗೊತ್ತಿಲ್ಲ ಎಂದ.

"ಹೋಗ್ಲಿ ಬುಡು. ಅವ್ರು ಹೊಂಟೋದ್ರು, ನೀನ್ ಇಲ್ಲೇ ಉಳ್ಕೊಂಡ್ಯಲ್ಲ? ನಿಮ್ಮನೆ ಯಾವ್ ಕಡೆ?"

"ನಂಗೆ ಮನೆ ಇಲ್ಲ ಕಣವ್ವ," ಎಂದ ಗಂಗಹನುಮಯ್ಯ.

ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು. ಬೀದಿಯ ತಿರುವಿನಲ್ಲಿ ಜೀಪಿನ ಸದ್ದು ಇನ್ನೂ ಸಣ್ಣಗೆ ಕೇಳುತ್ತಿತ್ತು.

ಮುದುಕಿ ಅದನ್ನು ಬಾಡಿಗೆಗೆ ಮನೆ ಹುಡುಕುವವರ ಮಾತು ಎಂದುಕೊಂಡಳು. ಹಿಂದಿನ ಸಣ್ಣ ಮನೆ ಖಾಲಿಯಿದೆ, ಓನರು ಒಳ್ಳೆಯವರು, ಅಡ್ವಾನ್ಸು ಮಾತ್ರ ಮೊದಲೇ ಕೇಳುತ್ತಾರೆ ಎಂದು ಗೋಡೆಯ ಮೇಲೆ ಬರೆದಿದ್ದ ಫೋನ್ ನಂಬರು ತೋರಿಸಿದಳು. ಅದನ್ನು ಗೋಡೆಯ ಮೇಲೆ ಬರೆದವನು ಗಂಗಹನುಮಯ್ಯನೇ.

ಅವನು ಬಸ್ಸು ಹಿಡಿದು ತುಮಕೂರಿಗೆ ಬಂದ. ದೀಪ ಆರುವವರೆಗೆ ಊರೊಳಗೆ ಒಂದು ಸುತ್ತು ಹಾಕಿ, ಆಮೇಲೆ ಕೇಂದ್ರಕ್ಕೆ ಹೋದ.

ಎರಡು ವಾರದ ಮೇಲೆ ಆದೇಶ ಬಂತು. ಉಳಿದುಕೊಂಡವರೆಲ್ಲರಿಗೂ ಸ್ವಂತ ಮನೆಗಳಿದ್ದು, ವ್ಯವಸ್ಥಾಪಕರು ಗುಬ್ಬಿಯಲ್ಲಿ ತಾಯಿಯೊಂದಿಗೆ ವಾಸವಾಗಿರುವುದರಿಂದ, ಕೇಂದ್ರ ಮುಚ್ಚಿದರೆ ಯಾರಿಗೂ ತೊಂದರೆಯಾಗದು ಎಂದು ಅದರಲ್ಲಿತ್ತು. ಅನುದಾನ ನವೀಕರಣವಾಗಲಿಲ್ಲ. ತಿಂಗಳ ಕೊನೆಯ ದಿನ ಮಂಚಗಳನ್ನು ಲಾರಿಗೆ ತುಂಬಿದರು. ಲೋಡು ಮಾಡಿದವನು ಅಣ್ಣಯ್ಯಪ್ಪ.