ತ್ರಿರೂಪಧರ ಅಮರೇಗೌಡರ ಕುರ್ಚಿ ಕಾಳಗ

ಸ್ವಸ್ತಿ! ಭೂಮಂಡಲವು ರೊಟ್ಟಿಯ ಹಂಚಿನಂತೆ ಕಾಯ್ದು, ಕಾಗೆಗಳೂ ಕೂಗಲು ಬೇಸರಿಸುವ ಮಾರ್ಚ್ ಎಂಬ ಘೋರಯುಗದಲ್ಲಿ, ಸಿಂಧನೂರು ಸೀಮೆಯ ಒಂದು ಪ್ರೌಢಶಾಲೆಯ ಶಿಕ್ಷಕರ ಕೊಠಡಿಯೆಂಬ ರಣಾಂಗಣದಲ್ಲಿ, ಕ್ರಿಯಾಪದಕುಲಕಂಠೀರವ, ಭೂತಕಾಲಭಯಂಕರ, ಕೃದಂತಕಾನನದಾವಾನಲರೆನಿಸಿದ ಇಂಗ್ಲಿಷ್ ಶಿಕ್ಷಕ ಅಮರೇಗೌಡರು ಹೂಡಿದ ಸಮರವನ್ನು ಕಂಡವರು ಹೇಳಿದಂತೆಯೇ ನಿರೂಪಿಸುವೆನು. ಚಹಾ ತರುವ ಹುಲಿಗೆಮ್ಮನ ಹೇಳಿಕೆಯೂ ಕನ್ನಡ ಪಂಡಿತ ವಿರುಪಣ್ಣನವರ ಹೇಳಿಕೆಯೂ ಭಿನ್ನವಾಗುವೆಡೆಗಳಲ್ಲಿ ಹುಲಿಗೆಮ್ಮನದನ್ನೇ ಗ್ರಹಿಸಿದ್ದೇನೆ. ಪಂಡಿತರು ನಡುನಡುವೆ ತೂಕಡಿಸಿದ್ದರೆಂಬುದು ನಿರ್ವಿವಾದ.

ಆ ಕೊಠಡಿಯಲ್ಲಿ ತಿರುಗುವ ಫ್ಯಾನು ಒಂದೇ. ಅದರಡಿಯ ಅವಿಚ್ಛಿನ್ನಮಾರುತಸೇವಿತ ಸಿಂಹಾಸನವನ್ನು ದೀರ್ಘಕಾಲ ಆಳಿದ ಡ್ರಿಲ್ ಮಾಸ್ತರರು ನಿವೃತ್ತರಾಗಲು, ರಾಜ್ಯವು ಅರಾಜಕವಾಯಿತು. ಬೆನ್ನತುಂಬ ಬೆವರುಸಾಲೆಯೆದ್ದು ಗೋಡೆಗೆ ಮೈಯುಜ್ಜುತ್ತಿದ್ದ ಗೌಡರಿಗೆ ಆ ಗಾಳಿಯೇ ಸಂಜೀವಿನಿ. ಆದರೆ ಬೆಳಗಿನಿಂದ ನಿಂತೇ ಪಾಠ ಹೇಳಿ ಮೊಣಕಾಲು ಹಿಡಿದ ವಿಜ್ಞಾನದ ತಾಹೇರಾ ಬಾನು ಮೇಡಂ ಅವರ ದೃಷ್ಟಿಯೂ ಅದೇ ಪೀಠದ ಮೇಲಿತ್ತು. ಚಹಾದ ಬಿಡುವಿನಲ್ಲಿ ಇಬ್ಬರ ಕೈಗಳೂ ಏಕಕಾಲದಲ್ಲಿ ಕುರ್ಚಿಯ ಬೆನ್ನ ಮೇಲೆ ಬಿದ್ದವು.

ಆಗ ಗೌಡರು ಬಯಲಾಟದ ಅರಸನಂತೆ ಎದೆಯುಬ್ಬಿಸಿ ಗರ್ಜಿಸಿದರು: "ಮೇಡಂ, ಕೈ ತೆಗೆಯಿರಿ! ಗೋ-ವೆಂಟ್-ಗಾನ್ ಎಂಬ ತ್ರಿಶೂಲವನ್ನು ಬಾಲ್ಯದಲ್ಲೇ ಧರಿಸಿದವನು ನಾನು! ಯಾವ ಕ್ರಿಯಾಪದ ನನ್ನೆದುರು ತನ್ನ ಮೂರು ರೂಪಗಳನ್ನು ಮುಚ್ಚಿಟ್ಟು ಬದುಕಿದೆ?"

"ಭಾಷಣ ಸಾಕ್ರಿ ಸರ," ಎಂದರು ಮೇಡಂ. "ಸ್ವಿಮ್‌ನ ಮೂರು ರೂಪ ತಪ್ಪಿಲ್ದಂಗ ಹೇಳ್ರಿ, ಹೇಳಿ ಕುಂಡ್ರಿ. ನಾ ಏನೂ ಅನ್ನೂದಿಲ್ಲ."

"ಇಷ್ಟೇ ಏನ್ರಿ?" ಎಂದು ನಕ್ಕ ಗೌಡರ ಮುಖದ ಕಳೆ, ಕ್ಷಣದಲ್ಲೇ ಇಳಿಯಿತು. ಕಾರಣವಿಷ್ಟೆ: ಅವರ ಗುರುಗಳು ಆ ರೂಪಗಳನ್ನು ಬೆತ್ತ ಹಿಡಿದು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು. ಅಕಾರಾದಿಯಾಗಿ ಹೊರಟರೆ ಆ ವಾಗ್ವಾಹಿನಿಗೆ ತಡೆಯಿಲ್ಲ. ನಡುವೆ ಇಳಿಯಲು ಮಾತ್ರ ಮೆಟ್ಟಿಲಿರಲಿಲ್ಲ.

ಕಣ್ಮುಚ್ಚಿ, ಕುರ್ಚಿಯ ಮೇಲಿನ ಕೈಯನ್ನೆತ್ತಿ ಎದೆಗಿಟ್ಟು, ವೀರರು ಆರಂಭಿಸಿದರು: "ಅರೈಸ್, ಅರೋಸ್, ಅರಿಸನ್..."

"ಅಯ್ಯ, ಸ್ವಿಮ್ ಕೇಳೀನ್ರಿ ಸರ."

"ಬರ್ತದ, ತಡೀರಿ! ಬಿಗಿನ್, ಬಿಗ್ಯಾನ್, ಬಿಗನ್..."

"ರಾಯಚೂರಿಗೆ ಹೋಗೂ ಬಸ್ ಹಂಗ ಎಲ್ಲಾ ಸ್ಟಾಪಿಗೂ ನಿಂದರ್ತದೇನ್ರಿ ಇದು?" ಎಂದಳು ಹುಲಿಗೆಮ್ಮ.

ನಿಂತಿತು, ಎಲ್ಲ ಕಡೆಯೂ ನಿಂತಿತು. ಬ್ರೇಕ್-ಬ್ರೋಕ್-ಬ್ರೋಕನ್ನನ್ನು ಮುರಿದು, ಡ್ರಿಂಕ್-ಡ್ರ್ಯಾಂಕ್-ಡ್ರಂಕನ್ನು ಕುಡಿದು, ಈಟ್-ಏಟ್-ಈಟನ್ನನ್ನು ನುಂಗಿ, ಫೈಟ್-ಫಾಟ್-ಫಾಟ್ ಎಂಬಲ್ಲಿ ಮುಷ್ಟಿ ಬಿಗಿದು, ಸ್ವೇದಧಾರಾಭಿಷಿಕ್ತರಾಗಿ ಗೌಡರು ಮುನ್ನುಗ್ಗಿದರು. ಪುಟ್-ಪುಟ್-ಪುಟ್ ಎಂಬ ಸಮತಟ್ಟಿನಲ್ಲಿ ಉಸಿರೆಳೆದುಕೊಂಡರು. ಚಹಾದ ಮೇಲೆ ಕೆನೆಗಟ್ಟಿತು. ಮೇಡಂ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ, ಇನ್ನೊಂದರದನ್ನು ಮತ್ತೆ ಇದಕ್ಕೆ ಹೊರಿಸಿದರು. ಅಷ್ಟರಲ್ಲಿ ಗೌಡರ ಕಂಠದಿಂದ ಮೇಘನಾದದಂತೆ ಹೊರಟಿತು: "ಸಿಟ್!"

ಮೇಡಂ ಕುಳಿತರು.

"ಸ್ಯಾಟ್, ಸ್ಯಾಟ್!" ಎಂದು ಗೌಡರು ಮುಂದುವರಿದು, "ಸ್ಟ್ಯಾಂಡ್, ಸ್ಟುಡ್, ಸ್ಟುಡ್" ದಾಟಿ, "ಸ್ವಿಮ್! ಸ್ವ್ಯಾಮ್! ಸ್ವಮ್!" ಎಂದು ಜಯಘೋಷಗೈದು ಕಣ್ತೆರೆದರು. ಸಿಂಹಾಸನದಲ್ಲಿ ಸೆರಗು ಹಾರುತ್ತಿತ್ತು.

"ಇದು ಮೋಸ ಮೇಡಂ!"

"ನೀವೇ ಸಿಟ್ ಅಂದ್ರಿ. ಹಿರಿಯರ ಮಾತು ಮೀರಬಾರದಂತ ಕುಂತೆ."

ಗೌಡರು ಪಂಡಿತರ ಭುಜ ಹಿಡಿದಲುಗಿಸಿ ನ್ಯಾಯ ಬೇಡಿದರು. ಕಣ್ಣುಜ್ಜಿಕೊಂಡ ವಿರುಪಣ್ಣನವರು ಉಭಯ ಪಕ್ಷಗಳನ್ನೂ ದಿಟ್ಟಿಸಿ, ಆಕಳಿಸಿ, ತೀರ್ಪಿತ್ತರು: "ನೀವು ಹೇಳಿದ್ದು ಖರೇ ಅದ ಗೌಡ್ರ, ಒಂದೂ ತಪ್ಪಿಲ್ಲ. ಆದ್ರ ಕುಂತವ್ರನ್ನ ಎಬ್ಬಸಾಕ ಇಂಗ್ಲೀಷ್‌ನ್ಯಾಗ ನಾಕನೇ ರೂಪ ಇಲ್ಲಲ್ರಿ."

ಗಂಟೆ ಹೊಡೆಯಿತು. ಒಂದು ಕೈ ಮುರಿದ ಆ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೇಡಂ ಕಾಲು ಚಾಚಿದರು. ಅವರಿಗೆ ಆ ಪಿರಿಯಡ್ ಬಿಡುವಿತ್ತು. ಭೂತಕಾಲಭಯಂಕರರು ಆರಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಬಾಗಿಲ ಚೌಕಟ್ಟಿಗೆ ಬೆನ್ನನ್ನೊಮ್ಮೆ ಉಜ್ಜಿ, ಎಂಟನೆಯ 'ಬಿ' ತರಗತಿಗೆ ನಡೆದರು. ಒಮ್ಮೆ ಹೊರಟ ಸರಣಿ ನಿಲ್ಲುವಂಥದಲ್ಲವಾದ್ದರಿಂದ, ಪಡಸಾಲೆಯುದ್ದಕ್ಕೂ ಅವರ ದನಿ ಕೇಳುತ್ತಲೇ ಇತ್ತು:

"ಟೇಕ್... ಟುಕ್... ಟೇಕನ್."