ಹಲಸಿನೆಲೆಯ ಆದಿಮಾನವ

ಇನ್ಸ್‌ಪೆಕ್ಟರು ಬರುವ ದಿನ ಆದಿಮಾನವನ ಪಾಠವನ್ನು ವೇಷ ಹಾಕಿಸಿಯೇ ತೋರಿಸಬೇಕೆಂಬ ಹುಚ್ಚು ಹೆಡ್‌ಮೇಷ್ಟ್ರು ಶೇಷಪ್ಪನವರಿಗೆ ಹತ್ತಿತು.

"ಜಯಪ್ಪ, ನೀವೇ ನಿಲ್ರಿ. ಸಣಕಲು ಇದ್ದೀರಿ, ಈಗ ತಾನೇ ಗುಹೆಯಿಂದ ಎದ್ದು ಬಂದಂಗೆ ಕಾಣ್ತೀರಿ."

ಆಗೊಲ್ಲ ಅನ್ನಲು ಜಯಪ್ಪ ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ. ಎದ್ದಿದ್ದರೆ ಇವತ್ತು ಅವರ ಮನೆಯಲ್ಲೂ ಒಂದು ತೊಟ್ಟಿಲು ತೂಗುತ್ತಿತ್ತು, ಪಾಪ!

ಶಿಕಾರಿಪುರದ ಹುಚ್ಚರಾಯಪ್ಪನವರ ಮಗಳು ವನಜಳನ್ನು ನೆಂಟರ ಮದುವೆಯಲ್ಲಿ ಕಂಡಾಗಿನಿಂದ ಮೇಷ್ಟ್ರಿಗೆ ನಿದ್ದೆ ಸರಿಯಿರಲಿಲ್ಲ. ಹುಡುಗನ ಮುಖವನ್ನೇ ಕಾಣದ ಅವಳ ಅಪ್ಪ ಮರುದಿನ ನೋಡಲು ಬರುವವರಿದ್ದರು. ಅದಕ್ಕೆಂದೇ ಸೊರಬದಲ್ಲಿ ಹೊಲಿಸಿ, ಇನ್ಸ್‌ಪೆಕ್ಟರು ಬರುತ್ತಾರೆಂದು ಒಂದು ದಿನ ಮೊದಲೇ ತೊಟ್ಟಿದ್ದ ಹೊಸ ಕೋಟನ್ನು ಬಿಚ್ಚಿ, ಲಂಗೋಟಿಯ ಮೇಲೆ ಹಲಸಿನೆಲೆ ಸುತ್ತಿಕೊಂಡು ಮೇಷ್ಟ್ರು ಶಾಲೆಯ ಅಂಗಳದಲ್ಲಿ ನಿಂತರು.

ಜೊತೆಯ ಮೇಷ್ಟ್ರು ಮಂಜಪ್ಪ ಬಂದ. "ಸಾರ್, ನನ್ನ ಅಂಗಿ ಹರಿದೈತೆ. ಇನ್ಸ್‌ಪೆಕ್ಟರನ್ನ ಬಸ್ಸಿಂದ ಕರ್ಕಂಡ್ ಬರ್ತೀನಿ, ನಿಮ್ಮ ಕೋಟು, ಪಂಚೆ ಕೊಡಿ."

"ತಗ, ಕಲೆ ಮಾಡ್ಬೇಡ ಮಾರಾಯ."

ಅಷ್ಟರಲ್ಲಿ ಸಣ್ಣಬೀರಪ್ಪನ ಕುರಿಮಂದೆ ಅಂಗಳಕ್ಕೆ ನುಗ್ಗಿತು. ಮಂದೆಯಲ್ಲಿದ್ದ ಆಡುಗಳು ಹಲಸಿನೆಲೆ ಕಂಡು ಬಿಟ್ಟಾವೇ? ಹಿಂದಿನಿಂದೊಂದು, ಮುಂದಿನಿಂದೆರಡು ಬಾಯಿ ಹಾಕಿದವು. ಆದಿಮಾನವ "ಹಚಾ! ಹಚಾ!" ಎಂದು ಕುಣಿದ ಹಾಗೆಲ್ಲ ಇದೂ ಪಾಠವೇ ಎಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದವು. ಕೊನೆಗೆ ಸಣ್ಣಬೀರಪ್ಪ ಓಡಿಬಂದು ತನ್ನ ಕಂಬಳಿ ಎಸೆದ. "ಸುತ್ಕಳ್ರಿ ಮೇಷ್ಟ್ರೆ, ಮಾನ ಮುಚ್ಕಳ್ರಿ!"

ಬಸ್ಸಿನಲ್ಲಿ ಇನ್ಸ್‌ಪೆಕ್ಟರು ಬರಲಿಲ್ಲ. ಒಂದು ದಿನ ಮೊದಲೇ ಹೊರಟಿದ್ದ ಹುಚ್ಚರಾಯಪ್ಪನವರು ಬಂದಿಳಿದರು. ಇವರೇ ಇನ್ಸ್‌ಪೆಕ್ಟರೆಂದುಕೊಂಡು ಕೈಮುಗಿದ, ಕೋಟು ತೊಟ್ಟ ಮಂಜಪ್ಪನನ್ನೇ ಹುಡುಗನೆಂದು ತಿಳಿದು ಹೆಗಲ ಮೇಲೆ ಕೈಹಾಕಿಕೊಂಡೇ ಶಾಲೆಗೆ ಬಂದರು.

"ಹುಡುಗ ನಮಗ ಒಪ್ಪಿಗಿ ಐತ್ರಿ. ಒಂದು ಕಂಬಳಿ ಹಾಸ್ರಿ. ಕಂಬಳಿ ಗದ್ದಿಗಿ ಮ್ಯಾಲೆ ಕೂತೇ ನಮ್ಮ ಮನೆತನದಾಗ ಮಾತು ಕೊಡೋದು."

ನೆರೆದಿದ್ದ ಊರವರ ಕಣ್ಣೆಲ್ಲ ಜಯಪ್ಪ ಮೇಷ್ಟ್ರು ಸುತ್ತಿಕೊಂಡಿದ್ದ ಕಂಬಳಿಯ ಮೇಲೆ ಬಿತ್ತು.

"ಶುಭಕಾರ್ಯ, ಬಿಚ್ರೀ!" ಎಂದರು ಶೇಷಪ್ಪನವರು.

"ಜೀವ ಹೋದ್ರೂ ಬಿಚ್ಚಲ್ಲ!"

"ಗದ್ದಿಗಿಗೆ ಕಂಬಳಿ ಕೊಡದಂಥ ಮನುಷ್ಯಾನ್ನ ಇವತ್ತೇ ಕಂಡೆ. ಯಾರ್ರೀ ಈತ?"

ಶೇಷಪ್ಪನವರು ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಯಜಮಾನ್ರೆ... ನೀವು ನೋಡೋಕೆ ಬಂದ ಹುಡುಗ ಇವರೇ."

ಹುಚ್ಚರಾಯಪ್ಪನವರು ಕಂಬಳಿಯನ್ನು ನೋಡಿದರು. ಅದರಡಿಯಿಂದ ಇಣುಕುತ್ತಿದ್ದ, ಆಡು ತಿಂದುಳಿದ ಎಲೆಯನ್ನೂ ನೋಡಿದರು. ಆಮೇಲೆ ಮಂಜಪ್ಪನ ಕಡೆ ತಿರುಗಿದರು.

"ನಿಮಗ ಮದುವಿ ಆಗೈತೇನಪ್ಪಾ?"

"ಇಲ್ರೀ," ಎಂದ ಮಂಜಪ್ಪ, ನೆಲ ನೋಡುತ್ತ.

ಸಣ್ಣಬೀರಪ್ಪ ಮನೆಗೆ ಓಡಿ ಇನ್ನೊಂದು ಕಂಬಳಿ ತಂದು ಹಾಸಿದ. ಮಂಜಪ್ಪ ತಾಳಿ ಕಟ್ಟಿದ್ದೂ ಅದೇ ಕೋಟಿನಲ್ಲಿ. ವಾಪಸು ಕೇಳಲು ಜಯಪ್ಪ ಮೇಷ್ಟ್ರಿಗೆ ಮನಸ್ಸೇ ಬರಲಿಲ್ಲ. ವನಜ ಆ ಕೋಟಿಗೆ ಗುಂಡಿ ಹೊಲಿಯುತ್ತಾ ಕೂತಿದ್ದನ್ನು ಒಮ್ಮೆ ದಾರಿಯಿಂದಲೇ ಕಂಡು, ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟರು.

ಮಳೆಗಾಲ ಕಳೆದ ಮೇಲೆ ಇನ್ಸ್‌ಪೆಕ್ಟರು ಬಂದೇ ಬಂದರು.

"ಮನುಷ್ಯ ಬಟ್ಟೆ ಹಾಕೋದನ್ನ ಯಾಕೆ ಶುರು ಮಾಡಿದ? ಮಕ್ಕಳಿಗೆ ಹೇಳಿ ಮೇಷ್ಟ್ರೆ."

"ಚಳಿಗೆ ಅಂತ ಪುಸ್ತಕದಾಗೆ ಐತೆ ಸಾರ್," ಎಂದರು ಜಯಪ್ಪ ಮೇಷ್ಟ್ರು. "ನನ್ನ ಕೇಳಿದ್ರೆ, ಬಿಚ್ಚಿಟ್ರೆ ಪಕ್ಕದವ್ನು ಹಾಕ್ಕಂಡು ಹೋಗ್ತಾನೆ ಅಂತ."