ಗಾಳಿಯಂತ್ರದ ಸಾಲಿಗೆ ಕನ್ನಡ ಮಾಸ್ತರ

ಗಾಳಿ ಬೀಸುವ ಊರಿನಲ್ಲಿ ಏನಾದರೊಂದು ಹಾರುತ್ತಲೇ ಇರುತ್ತದೆ: ಒಮ್ಮೆ ಟೋಪಿ, ಒಮ್ಮೆ ಹಾಜರಿ ಹಾಳೆ, ಹಲವು ಸಲ ಮಾಸ್ತರರ ಗಾಂಭೀರ್ಯ. ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ನಾನು ಗಜೇಂದ್ರಗಡದ ಗುಡ್ಡದ ಬುಡದಲ್ಲಿದ್ದ ತರಬೇತಿ ಕೇಂದ್ರವನ್ನು ಸೇರಿದ ವರ್ಷ ಈ ಮೂರೂ ಹಾರಿದವು.

ಗುಡ್ಡದ ಮೇಲೆ ಆಗಷ್ಟೇ ಗಾಳಿಯಂತ್ರಗಳ ಸಾಲು ಎದ್ದು ನಿಂತಿತ್ತು. ಊರವರು ಅವನ್ನು ಫ್ಯಾನ್ ಎಂದೇ ಕರೆಯುತ್ತಿದ್ದರು. ಅವುಗಳ ದುರಸ್ತಿಗೆ ಹೊರನಾಡಿನಿಂದ ಜನ ಬರುತ್ತಿದ್ದರು. ಇಲ್ಲಿಯ ಯುವಕರಿಗೇ ಆ ಕೆಲಸವನ್ನು ಕನ್ನಡದಲ್ಲಿ ಕಲಿಸಿ ನೋಡೋಣವೆಂದು ಕೇಂದ್ರದವರು ಆರು ಜನರನ್ನು ಆರಿಸಿದರು. ಒಂದು ಷರತ್ತಿತ್ತು. ಮೂರು ತಿಂಗಳ ಕೊನೆಗೆ, ಎತ್ತರದಲ್ಲಿ ಗಾಯಗೊಂಡವನನ್ನು ಹಗ್ಗದಿಂದ ಸುರಕ್ಷಿತವಾಗಿ ಇಳಿಸುವ ಪ್ರಾಯೋಗಿಕ ಯೋಜನೆಯೊಂದನ್ನು ಅವರು ಪರೀಕ್ಷಕರ ಎದುರು ಮಾಡಿ ತೋರಿಸಬೇಕು. ಗೆದ್ದರೆ ಆರೂ ಜನರಿಗೆ ನೌಕರಿ. ಕನ್ನಡದ ತರಗತಿಯೂ ಮುಂದುವರಿಯುತ್ತದೆ. ಸೋತರೆ ಎಲ್ಲವೂ ಇಂಗ್ಲಿಷಿಗೆ ಮರಳುತ್ತದೆ. ಕೈಪಿಡಿಯನ್ನು ಕನ್ನಡಕ್ಕೆ ತಂದು ಪಾಠ ಹೇಳುವ ಹೊಣೆ ನನ್ನದು. ಯಂತ್ರವಿದ್ಯೆಯು ಕನ್ನಡದಲ್ಲಿ ಅರಳುವ ದಿನ ಬಂದಿತೆಂದು ನಾನು ಮನಸಾರೆ ನಂಬಿದ್ದೆ. ಈಗಲೂ ನಂಬಿದ್ದೇನೆ, ಆದರೆ ಸ್ವಲ್ಪ ಕಡಿಮೆ ಪುಟಗಳಲ್ಲಿ.

ಒಂದೂವರೆ ಪುಟದ ನಿಯಮ

ಏಣಿ ಏರುವ ಮುನ್ನ ಸೊಂಟಪಟ್ಟಿಯ ಕೊಂಡಿಯನ್ನು ಏಣಿಯ ತಂತಿಗೆ ಸಿಕ್ಕಿಸಬೇಕೆಂಬುದು ಮೊದಲ ನಿಯಮ. ಅದನ್ನು ನಾನು ಒಂದೂವರೆ ಪುಟದಲ್ಲಿ ಬರೆದಿದ್ದೆ. ಮಾನವಜೀವದ ಅಮೂಲ್ಯತೆ ಅದರಲ್ಲಿತ್ತು, ಗುರುತ್ವಾಕರ್ಷಣೆಯ ನಿಷ್ಪಕ್ಷಪಾತ ಸ್ವಭಾವವಿತ್ತು, ಮನೆಯಲ್ಲಿ ದಾರಿ ಕಾಯುವ ತಾಯಿಯೂ ಇದ್ದಳು. ಏರಿಳಿತದೊಡನೆ ಓದಿ ಮುಗಿಸಿ ತಲೆಯೆತ್ತಿದೆ. ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ ರೋಣದ ವಿದ್ಯಾರ್ಥಿ ವಿನಯದಿಂದ ಎದ್ದು ನಿಂತ.

"ಸರ್, ಭಾಳ ಚಲೋ ಬರದೀರಿ. ಕೇಳಿ ಕಣ್ಣಾಗ ನೀರ ಬಂತ್ರಿ. ಆದ್ರ ಏರೂದು ಯಾವಾಗ್ರಿ?"

ಮರುದಿನ ಬೆಳಿಗ್ಗೆ ಏಣಿಯ ಬುಡದಲ್ಲಿ ಕೆಂಪು ಬಣ್ಣದ ಅಕ್ಷರಗಳು ಕಂಡವು: "ಕೊಂಡಿ ಹಾಕು. ಏರು." ಬಣ್ಣದ ಕಲೆ ರೋಣದವನ ಬೆರಳಿನಲ್ಲಿ ಇನ್ನೂ ಹಸಿಯಾಗಿತ್ತು. ವಿದ್ಯುತ್ ಕೆಲಸದಲ್ಲಿ ತಲೆ ನೆರೆತಿದ್ದ ಹಿರಿಯ ತರಬೇತುದಾರರು, ಎಲ್ಲರ ಬಾಯಲ್ಲೂ ಸಾಹೇಬರು, ಅದನ್ನು ಎರಡು ಸಲ ಓದಿದರು. ಬಳಿಕ ನನ್ನ ಹಾಳೆಗಳನ್ನು ಮರಳಿ ಕೈಗಿತ್ತು, ಕೈಪಿಡಿ ಸಿಕ್ಕಿತೆಂದೂ ನಾನು ಬರೆದದ್ದನ್ನು ಮುನ್ನುಡಿಯಾಗಿ ಇಟ್ಟುಕೊಳ್ಳಬಹುದೆಂದೂ ಹೇಳಿದರು.

ಬಾಗಿಲ ಹೊರಗಿನ ಬೂಟುಗಳು

ಗುಡ್ಡದ ಮೇಲಿನ ನಿಜವಾದ ಯಂತ್ರವನ್ನು ಮೊದಲ ಸಲ ನೋಡಲು ಹೋದ ದಿನ. ಗೋಪುರದ ಬುಡದಲ್ಲೊಂದು ಕಬ್ಬಿಣದ ಬಾಗಿಲು. ಒಳಗೆ ಸಣ್ಣ ಕೋಣೆಯಷ್ಟು ಜಾಗ. ವಿದ್ಯಾರ್ಥಿಗಳಲ್ಲಿ ನರಗುಂದದವನು ಬಡಿಗತನದ ಮನೆಯವನು. ಅವರ ಮನೆಯಲ್ಲಿ ಕಾಲಲ್ಲಿ ಜೋಡು ಇಟ್ಟುಕೊಂಡು ಯಾರೂ ಗರಗಸವನ್ನು ಮುಟ್ಟುವುದಿಲ್ಲ. ಆತ ಬಾಗಿಲಲ್ಲೇ ಬೂಟು ಬಿಚ್ಚಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದ. ಒಬ್ಬ ಬಿಚ್ಚಿದ ಮೇಲೆ ಉಳಿದವರು ಹಾಗೆಯೇ ಹೋಗುವುದುಂಟೇ? ಕೇಂದ್ರವು ಪಾದರಕ್ಷಣೆಗೆಂದೇ ಕೊಡಿಸಿದ್ದ ಉಕ್ಕಿನ ಮೂತಿಯ ಆರು ಜೊತೆ ಬೂಟುಗಳು ಹೊರಗೆ ಸಾಲಾಗಿ ನಿಂತವು.

ಸಾಹೇಬರು ಐದು ನಿಮಿಷ ತಡವಾಗಿ ಬಂದರು. ಒಳಗೆ ಹೆಜ್ಜೆಯಿಟ್ಟವರೇ ವಿದ್ಯಾರ್ಥಿಗಳ ಹನ್ನೆರಡು ಬರಿಗಾಲುಗಳನ್ನು ಕಂಡು ಕೆಂಡವಾದರು. ಮೇಲಿನಿಂದ ಬೋಲ್ಟು ಬಿಗಿಯುವ ಪಾನಾ ಬಿದ್ದರೆ ಬೆರಳಿನ ಗತಿಯೇನು, ಕರೆಂಟು ಹರಿದರೆ ಜೀವದ ಗತಿಯೇನು, ಯಂತ್ರಕ್ಕೆ ಭಕ್ತಿ ಬೇಕೋ ಬುದ್ಧಿ ಬೇಕೋ ಎಂದು ಹತ್ತು ನಿಮಿಷ ಬೈದರು. ಆರೂ ಜನ ತಲೆ ತಗ್ಗಿಸಿ ನಿಂತಿದ್ದರು. ಪಶ್ಚಾತ್ತಾಪವೆಂದು ನಾನು ಭಾವಿಸಿದೆ. ಅವರ ದೃಷ್ಟಿಯನ್ನು ಹಿಂಬಾಲಿಸಿದಾಗ ಅದು ಸಾಹೇಬರ ಪಾದಗಳ ಮೇಲೆ ನೆಟ್ಟಿರುವುದು ತಿಳಿಯಿತು. ಸಾಹೇಬರ ಕರಿಯ ಬೂಟುಗಳು ಹೊರಗಿನ ಸಾಲಿನಲ್ಲಿ ಎಂಟನೆಯ ಜೊತೆಯಾಗಿ ವಿರಾಜಮಾನವಾಗಿದ್ದವು.

ನಾನು ಸದ್ದಿಲ್ಲದೆ ಹೊರಗೆ ಹೋಗಿ ಅವನ್ನು ತಂದುಕೊಟ್ಟೆ. ಏಳನೆಯ ಜೊತೆ ಯಾರದೆಂದು ಯಾರೂ ಕೇಳಲಿಲ್ಲ.

ಕ್ಷೇಮ ಸಮಾಚಾರ

ಕೇಂದ್ರದ ಅಂಗಳದಲ್ಲಿ ಅಭ್ಯಾಸಕ್ಕೆಂದು ಅರವತ್ತು ಅಡಿಯ ಕಬ್ಬಿಣದ ಗೋಪುರವಿತ್ತು. ಮೇಲಿದ್ದವನೂ ಕೆಳಗಿದ್ದವನೂ ವಾಕಿಟಾಕಿಯಲ್ಲಿ ಮಾತಾಡಬೇಕು. ರೋಣದವನು ಮೇಲೇರಿದ, ನರಗುಂದದವನು ಕೆಳಗೆ ಹಗ್ಗ ಹಿಡಿದ. ಅವರು ಅಗಲಿ ಐದು ನಿಮಿಷವೂ ಆಗಿರಲಿಲ್ಲ.

"ಆರಾಮ ಅದಿಯೇನಪಾ?" ಎಂದಿತು ಕೆಳಗಿನ ವಾಕಿಟಾಕಿ.

"ಆರಾಮ. ನಿಮ್ಮ ಅವ್ವನ ಮೊಣಕಾಲ ಹ್ಯಾಂಗ ಅದ?"

ಅವ್ವನ ಮೊಣಕಾಲು ನರೇಗಲ್ಲಿನ ಸಂತೆಯಲ್ಲಿ ಸಿಕ್ಕ ಎಣ್ಣೆಯಿಂದ ಸುಧಾರಿಸಿತ್ತು. ಆ ಎಣ್ಣೆ ಯಾರ ಬಳಿ ಸಿಗುತ್ತದೆ, ಬಿಸಿ ಮಾಡಿ ಹಚ್ಚಬೇಕೋ ಹಾಗೆಯೇ ಹಚ್ಚಬೇಕೋ ಎಂಬ ವಿಚಾರಗಳು ಇತ್ಯರ್ಥವಾಗುವ ಹೊತ್ತಿಗೆ ವಾಕಿಟಾಕಿಯ ಬ್ಯಾಟರಿ ಮುಗಿಯಿತು. ಮೇಲಿದ್ದವನು ಬಾಗಿ, ಹಗ್ಗ ಸಡಿಲ ಬಿಡೆಂದು ಕೂಗಿದ. ಆ ಕೂಗು ಊರ ಬಜಾರಿನವರೆಗೂ ಸ್ಪಷ್ಟವಾಗಿ ಕೇಳಿಸಿತಂತೆ.

ಅಂದು ನಾನು ಕಠಿಣವಾಗಿ ಮಾತಾಡಿದೆ. ಅಪಾಯದ ಹೊತ್ತಿನಲ್ಲಿ ಕ್ಷೇಮ ಸಮಾಚಾರ ಸಲ್ಲದು. ಬೇಕಾದಷ್ಟನ್ನೇ ಹೇಳಿ, 'ಮುಗೀತು' ಎಂದು ನಿಲ್ಲಿಸತಕ್ಕದ್ದು. ನರಗುಂದದವನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ.

"ಸರ್, ಅಷ್ಟ ಎತ್ತರಕ್ಕ ಹೋದ ಮನಶ್ಯಾನ್ನ ಆರಾಮ ಅದಿಯೇನಂತ ಕೇಳಲಾರದ ಹಗ್ಗದ ಮಾತ ಆಡಿದ್ರ, ಅಂವ ಏನ ತಿಳ್ಕೋಬೇಕ್ರಿ?"

ಅಂದು ರಾತ್ರಿ ಇದರ ಉತ್ತರಕ್ಕಾಗಿ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಹುಡುಕಿದೆ.

ಗಾಯಾಳು

ಪರೀಕ್ಷೆಯ ದಿನ ಬಂದಿತು. ಗಾಯಾಳುವಿನ ಪಾತ್ರಕ್ಕೆ ವಿದ್ಯಾರ್ಥಿಗಳು ಆಳೆತ್ತರದ ಗೊಂಬೆಯೊಂದನ್ನು ಹೊಲಿದಿದ್ದರು. ಹಳೆಯ ಅಂಗಿ, ಹಳೆಯ ಪ್ಯಾಂಟು. ಒಳಗೆ ಮರಳು ತುಂಬಬೇಕೆಂದು ಸಾಹೇಬರು ಹೇಳಿದ್ದರು. ಹೊರಲು ಭಾರವಾಗುತ್ತದೆಂದು ಇವರು ಜೋಳದ ಮೇವು ತುಂಬಿದ್ದರು. ಬೆಳಿಗ್ಗೆ ಅಂಗಳಕ್ಕೆ ಬಂದು ನೋಡಿದರೆ, ಲಕ್ಕಲಕಟ್ಟಿಯ ಕಡೆಯಿಂದ ಮೇಯಲು ಬಂದ ಆಡುಗಳು ಗಾಯಾಳುವನ್ನು ಹೆಚ್ಚುಕಡಿಮೆ ತಿಂದು ಮುಗಿಸಿದ್ದವು. ಒಂದು ಆಡು ತೋಳನ್ನು ಇನ್ನೂ ಜಗಿಯುತ್ತಿತ್ತು.

ಪರೀಕ್ಷಕರ ಜೀಪು ಆಗಲೇ ಗೇಟಿನ ಬಳಿ ಬಂದಿತ್ತು. ಸಾಹೇಬರು ಸುತ್ತ ಕಣ್ಣಾಡಿಸಿದರು. ಬೇರಾವ ಉಪಯೋಗಕ್ಕೂ ಬಾರದ ಮನುಷ್ಯ ಆ ಹೊತ್ತಿಗೆ ಅಲ್ಲಿ ನಾನೊಬ್ಬನೇ.

"ಮಾಸ್ತರ, ಎಚ್ಚರ ತಪ್ಪಿದವರಂಗ ಸುಮ್ಮನ ಜೋತಾಡ್ರಿ," ಎಂದರು. "ನೀವು ಬಾಯಿ ತೆಗದ್ರ ಆರು ಮಂದಿ ನೌಕರಿ ಹೊಕ್ಕಾವು."

ಗೋಪುರದ ತುದಿಯಲ್ಲಿ ನನ್ನನ್ನು ಪಟ್ಟಿಗಳಿಂದ ಬಿಗಿದು, ಎದೆಗೆ ವಾಕಿಟಾಕಿ ಕಟ್ಟಿ, ಆರೂ ಜನ ಕೆಳಗಿಳಿದು ರಾಟೆಯ ಹಗ್ಗ ಹಿಡಿದು ನನ್ನನ್ನು ಮೆಲ್ಲಗೆ ಇಳಿಬಿಟ್ಟರು. ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ಅರ್ಧ ದಾರಿಗೆ ಬಂದಾಗ ಪರೀಕ್ಷಕರು ತಡೆದರು. ಹಗ್ಗಕ್ಕೆ ಬೀಗ ಹಾಕಿ ಎಲ್ಲರೂ ಕೈ ಬಿಡಬೇಕು. ಗಾಯಾಳು ಹತ್ತು ನಿಮಿಷದಲ್ಲಿ ಒಂದು ಅಂಗುಲವೂ ಕೆಳಗೆ ಜಾರಕೂಡದು. ನರಗುಂದದವನು ಬೀಗ ಹಾಕಿದ. ಹನ್ನೆರಡು ಕೈಗಳೂ ಹಗ್ಗವನ್ನು ಬಿಟ್ಟವು. ನಾನು ಮೂವತ್ತು ಅಡಿ ಎತ್ತರದಲ್ಲಿ ಕಣ್ಣು ಮುಚ್ಚಿ, ಗಾಳಿಗೆ ಒಮ್ಮೆ ಗುಡ್ಡದ ಕಡೆಗೂ ಒಮ್ಮೆ ಊರಿನ ಕಡೆಗೂ ತಿರುಗುತ್ತ ಜೋತಾಡಿದೆ. ಬೀಗ ಕೂದಲೆಳೆಯಷ್ಟೂ ಜಾರಲಿಲ್ಲ.

ಏಳನೆಯ ನಿಮಿಷಕ್ಕೆ ಹೋಟೆಲಿನಿಂದ ಚಹಾ ಬಂದಿತು. ಪರೀಕ್ಷಕರು ಒಂದು ಕಪ್ ತೆಗೆದುಕೊಂಡು, ನೀವೂ ಕುಡಿಯಿರಿ ಎಂದರು. ಯಾರೂ ಮುಟ್ಟಲಿಲ್ಲ. ಆರೂ ಜನ ಒಬ್ಬರನ್ನೊಬ್ಬರು ನೋಡಿದರು, ಬಳಿಕ ನನ್ನನ್ನು ನೋಡಿದರು. ಎದುರಿಗೆ ಒಬ್ಬನಿರುವಾಗ, ಆತ ಎಲ್ಲಿಯೇ ಇರಲಿ, ಕೇಳದೆ ಚಹಾ ಕುಡಿಯುವ ಪದ್ಧತಿ ನಮ್ಮ ಕಡೆ ಇಲ್ಲ. ನರಗುಂದದವನು ವಾಕಿಟಾಕಿ ಎತ್ತಿಕೊಂಡ. ನಾನು ಕಲಿಸಿದ ಪಾಠವನ್ನು ಆತ ಒಂದಕ್ಷರ ಬಿಡದೆ ಪಾಲಿಸಿದ.

"ಚಾ. ಬೇಕೋ, ಬ್ಯಾಡೋ. ಮುಗೀತು."

ನಾನು ತುಟಿ ಬಿಗಿಹಿಡಿದೆ. ಆರು ನೌಕರಿಗಳು ಕಣ್ಣ ಮುಂದೆ ಸುಳಿದವು; ಕನ್ನಡದ ಭವಿಷ್ಯವೂ ಸುಳಿಯಿತು. ಆದರೆ ಯಾರಾದರೂ ಚಹಾ ಬೇಕೇ ಎಂದು ಕೇಳಿದರೆ ಉತ್ತರಿಸದೇ ಇರುವುದನ್ನು ನನ್ನ ತಾಯಿ ನನಗೆ ಕಲಿಸಿರಲಿಲ್ಲ.

"ಅರ್ಧ ಕಪ್ ಸಾಕ್ರಿ. ಸಕ್ಕರಿ ಕಡಿಮಿ ಇರ್ಲಿ. ಪರೀಕ್ಷಕರಿಗೆ ಇನ್ನೊಂದೀಟು ಹಾಕ್ರಿ, ಪಾಪ, ಬಿಸಲಾಗ ಭಾಳ ದೂರದಿಂದ ಬಂದಾರ. ಅವರದು ಊಟ ಆತೋ ಇಲ್ಲೋ ಯಾರರ ಕೇಳಿರೇನು?"

ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಳಿತರು. ಪರೀಕ್ಷಕರು ಮುಖವೆತ್ತಿ ನನ್ನನ್ನು ಬಹಳ ಹೊತ್ತು ನೋಡಿದರು. ಅನಂತರ ಕಪ್ಪನ್ನು ಪಕ್ಕಕ್ಕಿಟ್ಟು ಬೀಗವನ್ನು ಪರಿಶೀಲಿಸಿದರು, ಗಡಿಯಾರ ನೋಡಿದರು, ಪೆನ್ನು ತೆಗೆದರು. ವರದಿಯನ್ನು ಅವರು ಕನ್ನಡದಲ್ಲಿಯೇ ಬರೆದರು; ಎರಡೇ ಸಾಲು. ನನ್ನನ್ನು ನೆಲಕ್ಕೆ ಇಳಿಸುವ ಮೊದಲೇ ರೋಣದವನು ಅದನ್ನು ಗಟ್ಟಿಯಾಗಿ ಓದಿ ಹೇಳಿದ:

"ಆರೂ ಅಭ್ಯರ್ಥಿಗಳು ತೇರ್ಗಡೆ. ಗಾಯಾಳು ನಪಾಸು."